ಅಲಾರಾಂ ‘ವೆಂಟ್ ಆಫ್’ ಅಂದರೆ ನಿಂತಿತೋ, ಹೊಡೆಯಿತೋ?

ಪ್ರಶ್ನೆ: ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಬೆಂಗಳೂರಿನಲ್ಲಿ ಕೆಲಸ. ಟೆನ್ಸ್, ವಾಯ್ಸ್ ಎಲ್ಲ ಚೆನ್ನಾಗಿ ಬರುತ್ತದೆ. ಇಂಗ್ಲಿಷ್ ಪೇಪರ್ ಓದಿದರೆ ಅರ್ಥ ಆಗುತ್ತದೆ. ಆದರೆ ಲಂಡನ್ ಆಫೀಸಿನವರು ಕಾಲ್‌ನಲ್ಲಿ ಮಾತಾಡುವಾಗ ಗೆಟ್, ಪುಟ್, ಟೇಕ್, ಗೋ ಥರದ ಸಣ್ಣ ಪದಗಳೇ ಕೈ ಕೊಡುತ್ತವೆ. ಮೊನ್ನೆ ಒಬ್ಬರು ಲೇಟಾಗಿ ಬಂದು “ಮೈ ಅಲಾರ್ಮ್ ಡಿಡಂಟ್ ಗೋ ಆಫ್” ಅಂದರು. ಅಲಾರಾಂ ನಿಲ್ಲಲೇ ಇಲ್ಲ ಅಂದುಕೊಂಡೆ. ಹಾಗಿದ್ದರೆ ಎಚ್ಚರ ಆಗಿರಬೇಕಿತ್ತಲ್ಲ? ಫ್ರೇಸಲ್ ವರ್ಬ್‌ಗಳ, ಅಂದರೆ ಕ್ರಿಯಾಪದಕ್ಕೆ ಪುಟ್ಟ ಪದ ಸೇರಿದ ಇಂಥ ಜೋಡಿಗಳ, ಪಟ್ಟಿ ಬಾಯಿಪಾಠ ಮಾಡಿ ನೋಡಿದೆ, ಮರೆತುಹೋಗುತ್ತದೆ. ಇವನ್ನು ಕಲಿಯುವುದು ಹೇಗೆ? ನಡುವೆ ಬರುವ ‘ಇಟ್’ ಎಲ್ಲಿ ಇಡಬೇಕು? ಆಫೀಸ್ ಮೇಲ್‌ನಲ್ಲಿ ಇವನ್ನು ಬರೆಯಬಹುದೇ?

ಉತ್ತರ: ಅಲಾರಾಂ ವಿಷಯ ಮೊದಲು ಮುಗಿಸೋಣ. “ದಿ ಅಲಾರ್ಮ್ ವೆಂಟ್ ಆಫ್” ಅಂದರೆ ಅಲಾರಾಂ ಹೊಡೆಯಿತು. ಅವರು ಹೇಳಿದ್ದು, ಅಲಾರಾಂ ಹೊಡೆಯಲೇ ಇಲ್ಲ, ಅದಕ್ಕೇ ಲೇಟಾಯಿತು ಅಂತ. ನಿಮಗೆ ಉಲ್ಟಾ ಕೇಳಿಸಿದ್ದಕ್ಕೆ ಕಾರಣ ಇದೆ. ಕನ್ನಡಕ್ಕೆ ಬಂದ ‘ಆಫ್’ಗೆ ಹೆಚ್ಚುಕಡಿಮೆ ಒಂದೇ ಕೆಲಸ. ಲೈಟ್ ಆಫ್ ಮಾಡು, ಮೊಬೈಲ್ ಸ್ವಿಚ್ ಆಫ್, ಮೂಡ್ ಆಫ್. ಎಲ್ಲ ಕಡೆ ಏನೋ ಆರಿದೆ, ಇಲ್ಲವೇ ನಿಂತಿದೆ. ಇಂಗ್ಲಿಷಿನ ‘ಆಫ್’ ಇದಕ್ಕಿಂತ ದೊಡ್ಡದು. ಅಂಟಿಕೊಂಡಿದ್ದು ಬಿಟ್ಟು ಬೇರೆಯಾಗುವುದು ಅದರ ಬೇರಿನಲ್ಲಿರುವ ಅರ್ಥ. ವಿಮಾನ ನೆಲ ಬಿಟ್ಟಿತು: “ದ ಪ್ಲೇನ್ ಟುಕ್ ಆಫ್.” ಕಾಲಿನಿಂದ ಶೂ ಬಿಚ್ಚು: “ಟೇಕ್ ಆಫ್ ಯುವರ್ ಶೂಸ್.” ಆರು ಗಂಟೆಗೆ ಊರು ಬಿಟ್ಟೆವು: “ವಿ ಸೆಟ್ ಆಫ್ ಅಟ್ ಸಿಕ್ಸ್.” ದೀಪಕ್ಕೂ ಕರೆಂಟಿಗೂ ಇದ್ದ ನಂಟು ತಪ್ಪಿಸು: “ಟರ್ನ್ ಆಫ್ ದ ಲೈಟ್.” ಬಂದೂಕು, ಪಟಾಕಿ, ಅಲಾರಾಂ ಇವೆಲ್ಲ ಒಳಗೆ ಹಿಡಿದಿಟ್ಟಿದ್ದನ್ನು ಒಮ್ಮೆಲೇ ಹೊರಗೆ ಬಿಡುವ ವಸ್ತುಗಳು. ಹೀಗೆ ನೋಡಿದರೆ ಗುಂಡು ಹಾರಿದರೂ ‘ವೆಂಟ್ ಆಫ್’, ಬಾಂಬ್ ಸಿಡಿದರೂ ‘ವೆಂಟ್ ಆಫ್’ ಅನ್ನುವುದು ನೆನಪಲ್ಲಿ ನಿಲ್ಲುತ್ತದೆ. ಬ್ರಿಟನ್ನಿನವರು ಹಾಲು ಕೆಟ್ಟರೂ “ದ ಮಿಲ್ಕ್ ಹ್ಯಾಸ್ ಗಾನ್ ಆಫ್” ಅನ್ನುತ್ತಾರೆ. “ದ ಪವರ್ ವೆಂಟ್ ಆಫ್” ಅಂದಾಗ ಮಾತ್ರ ನಮ್ಮ ಲೆಕ್ಕದಂತೆಯೇ ಕರೆಂಟ್ ಹೋಯಿತು.

ಇಷ್ಟು ಉದ್ದಕ್ಕೆ ಒಂದೇ ಪದ ಹಿಡಿದು ಎಳೆದದ್ದು ಬೇಕೆಂದೇ. ಪಟ್ಟಿಗಳು ಯಾಕೆ ಮರೆತುಹೋಗುತ್ತವೆ ಅನ್ನುವುದಕ್ಕೆ ಉತ್ತರ ಇದರಲ್ಲೇ ಇದೆ. ಮಾರುಕಟ್ಟೆಯಲ್ಲಿ ಸಿಗುವ ಪಟ್ಟಿಗಳನ್ನು ಕ್ರಿಯಾಪದದ ಲೆಕ್ಕದಲ್ಲಿ ಜೋಡಿಸಿರುತ್ತಾರೆ. ಗೆಟ್ ಅಪ್, ಗೆಟ್ ಆನ್, ಗೆಟ್ ಓವರ್, ಗೆಟ್ ಅವೇ, ಗೆಟ್ ಥ್ರೂ ಅಂತ ಸಾಲಾಗಿ. ಆದರೆ ‘ಗೆಟ್’ಗೆ ತನ್ನದೇ ಅಂತ ಅರ್ಥ ಇರುವುದು ಬಹಳ ಕಮ್ಮಿ. ಪುಟ್, ಟೇಕ್, ಗೋ, ಕಮ್ ಕೂಡ ಹಾಗೆಯೇ. ದಾರಿ ತೋರಿಸುವುದು ಹಿಂದೆ ಬರುವ ಪುಟ್ಟ ಪದ. ಅಪ್, ಡೌನ್, ಆಫ್, ಆನ್, ಔಟ್, ಇನ್, ಓವರ್, ಅವೇ, ಬ್ಯಾಕ್, ಥ್ರೂ. ಇವು ಎರಡು ಕೈ ಬೆರಳಿನಲ್ಲಿ ಎಣಿಸುವಷ್ಟು. ನನ್ನ ಸಲಹೆ ಇಷ್ಟೇ: ಕ್ರಿಯಾಪದದ ಹಿಂದೆ ಓಡಬೇಡಿ, ಈ ಪುಟ್ಟ ಪದದ ಕಡೆ ಕಿವಿ ಕೊಡಿ.

ಇದು ನಮಗೆ ಹೊಸ ವಿದ್ಯೆ ಅಲ್ಲ. ಕನ್ನಡದಲ್ಲಿ ‘ಬರೆ’ ಅನ್ನುವ ಒಂದು ಕ್ರಿಯಾಪದ ತಗೊಳ್ಳಿ. ಬರೆದಿಡು, ಬರೆದುಕೊ, ಬರೆದುಕೊಡು, ಬರೆದುಬಿಡು. ಬರೆಯುವ ಕೆಲಸ ನಾಲ್ಕರಲ್ಲೂ ಇದೆ, ಆದರೆ ಯಾರಿಗಾಗಿ, ಯಾಕೆ, ಮುಗಿಯಿತೋ ಇಲ್ಲವೋ ಅನ್ನುವುದನ್ನೆಲ್ಲ ಹಿಂದೆ ಬಂದ ಪದ ಹೇಳುತ್ತದೆ. ಕನ್ನಡ ಕಲಿಯುತ್ತಿರುವ ಹೊರಗಿನವರು “‘ತಿಂದುಬಿಡು’ ಅಂದರೆ ತಿಂದು ಆಮೇಲೆ ಎಲ್ಲಿಗಾದರೂ ಬಿಡಬೇಕಾ?” ಎಂದು ಕೇಳಿದರೆ ನಾವು ನಗುತ್ತೇವೆ ಅಲ್ವಾ? ಇಂಗ್ಲಿಷಿನವರ “ಈಟ್ ಅಪ್” ಮುಂದೆ ನಮ್ಮ ಸ್ಥಿತಿಯೂ ಅದೇ. ಮೇಲಕ್ಕೆ ತಿನ್ನುವುದು ಹೇಗೆ? ಅಲ್ಲಿ ‘ಅಪ್’ ಮಾಡುತ್ತಿರುವುದು ನಮ್ಮ ‘ಬಿಡು’ ಮಾಡುವ ಕೆಲಸವನ್ನೇ. ಪೂರ್ತಿ ಮುಗಿಸು ಅಂತ. “ಡ್ರಿಂಕ್ ಅಪ್,” “ಯೂಸ್ ಅಪ್,” “ಕ್ಲೀನ್ ಅಪ್” ಎಲ್ಲ ಇದೇ ಜಾತಿ. “ರೈಟ್ ಇಟ್ ಡೌನ್” ಅಂದರೆ ಬರೆದಿಟ್ಟುಕೊ. “ಥ್ರೋ ಇಟ್ ಅವೇ” ಅಂದರೆ ಬಿಸಾಡಿಬಿಡು. ನಾವು ಕ್ರಿಯಾಪದಕ್ಕೆ ಇನ್ನೊಂದು ಕ್ರಿಯಾಪದ ಹಚ್ಚುತ್ತೇವೆ, ಅವರು ದಿಕ್ಕು ಹೇಳುವ ಪದ ಹಚ್ಚುತ್ತಾರೆ. ವ್ಯತ್ಯಾಸ ಅಷ್ಟೇ.

ಹೊರಗಿನವರಿಗೆ ಇದು ಕಷ್ಟ ಎನ್ನುವುದು ಇಂಗ್ಲಿಷಿನವರಿಗೂ ಹಿಂದಿನಿಂದ ಗೊತ್ತಿತ್ತು. 1755ರಲ್ಲಿ ತನ್ನ ದೊಡ್ಡ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಅದರ ಮುನ್ನುಡಿಯಲ್ಲೇ ಈ ಮಾತು ಹೇಳಿದ್ದಾನೆ. ಕ್ರಿಯಾಪದಕ್ಕೆ ಪುಟ್ಟ ಪದ ಸೇರಿಸಿ ಅರ್ಥ ಬದಲಿಸುವ ಈ ಪದ್ಧತಿಯೇ ವಿದೇಶಿಯರಿಗೆ ಎಲ್ಲಕ್ಕಿಂತ ಜಾಸ್ತಿ ಕಷ್ಟ ಕೊಡುತ್ತದೆ ಅಂತ. ‘ಸೆಟ್ ಔಟ್’, ‘ಬ್ರೇಕ್ ಆಫ್’, ‘ಟೇಕ್ ಆಫ್’ ಎಲ್ಲ ಅವನ ಉದಾಹರಣೆಗಳಲ್ಲಿವೆ. ಅವನ ಕಾಲದ ‘ಟೇಕ್ ಆಫ್’ನಲ್ಲಿ ವಿಮಾನ ಇರಲಿಲ್ಲ, ಅದು ಬೇರೆ ಮಾತು.

ಈಗ ‘ಔಟ್’ ನೋಡಿ. ನನಗೆ ಬಹಳ ಇಷ್ಟದ ಪದ ಇದು. “ದ ಲ್ಯಾಂಪ್ ವೆಂಟ್ ಔಟ್” ಅಂದರೆ ದೀಪ ಆರಿತು. “ದ ಸ್ಟಾರ್ಸ್ ಕೇಮ್ ಔಟ್” ಅಂದರೆ ನಕ್ಷತ್ರ ಕಾಣಿಸಿಕೊಂಡವು. ಒಂದೇ ‘ಔಟ್’, ಒಂದು ಕಡೆ ಬೆಳಕು ಹೋಯಿತು, ಇನ್ನೊಂದು ಕಡೆ ಬೆಳಕು ಬಂತು. ಗುಟ್ಟು ‘ಗೋ’ ಮತ್ತು ‘ಕಮ್’ನಲ್ಲಿದೆ. ನಮ್ಮ ಕಣ್ಣಳತೆಯಿಂದ ಆಚೆ ಹೋದರೆ ‘ಗೋ ಔಟ್’, ಮರೆಯಲ್ಲಿದ್ದದ್ದು ನಮ್ಮ ಕಡೆಗೆ ಬಂದರೆ ‘ಕಮ್ ಔಟ್’. ಹೊಸ ಪುಸ್ತಕ ಬಂದರೆ “ಇಟ್ ಕೇಮ್ ಔಟ್ ಲಾಸ್ಟ್ ವೀಕ್.” ಸತ್ಯ ಬಯಲಾದರೆ “ದ ಟ್ರೂತ್ ಕೇಮ್ ಔಟ್.” ಈ ಎರಡನೇ ಗುಂಪಿಗೇ ಸೇರುತ್ತವೆ ‘ಫೈಂಡ್ ಔಟ್’, ‘ಫಿಗರ್ ಔಟ್’, ‘ವರ್ಕ್ ಔಟ್’. ಗೊತ್ತಿಲ್ಲದ್ದನ್ನು ಹೊರಗೆಳೆಯುವುದು. ಕಳೆದ ಕೀ ಸಿಕ್ಕರೆ ಬರೀ ‘ಫೈಂಡ್’. ಕೀ ಯಾರು ತಗೊಂಡರು ಅಂತ ಪತ್ತೆ ಮಾಡಿದರೆ ‘ಫೈಂಡ್ ಔಟ್’. ಮೊದಲ ಗುಂಪಿಗೆ ಸೇರುವುದು ‘ರನ್ ಔಟ್’, ಅಂದರೆ ಖಾಲಿಯಾಗುವುದು.

ಇಲ್ಲೊಂದು ತೊಡಕು. ಇಂಗ್ಲಿಷಿನಲ್ಲಿ ಎರಡು ಎಫ್ ಇರುವ ‘ಆಫ್’ ಬೇರೆ, ಒಂದೇ ಎಫ್ ಇರುವುದು ಬೇರೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೆ ಒಂದು ಎಫ್ ಇರುವುದನ್ನು ಇಲ್ಲಿ ‘ಅವ್’ ಎಂದು ಬರೆಯುತ್ತೇನೆ. ಉಚ್ಚಾರವೂ ಹೆಚ್ಚುಕಡಿಮೆ ಹಾಗೇ. “ವಿ ಹ್ಯಾವ್ ರನ್ ಔಟ್ ಅವ್ ಮಿಲ್ಕ್” ಅಂದರೆ ನಮ್ಮಲ್ಲಿ ಹಾಲು ಖಾಲಿ. ಯಾವ ವಸ್ತು ಖಾಲಿ ಎಂದು ಹೇಳುವಾಗ ‘ಅವ್’ ಬೇಕೇ ಬೇಕು. ವಸ್ತುವೇ ಮೊದಲು ಬಂದರೆ ಬೇಡ: “ದ ಮಿಲ್ಕ್ ಹ್ಯಾಸ್ ರನ್ ಔಟ್.” ಕ್ರಿಕೆಟ್ಟಿನ ರನ್ ಔಟ್ ನಮಗೆಲ್ಲ ಎಷ್ಟು ರೂಢಿ ಅಂದರೆ, ಹಾಲು ರನ್ ಔಟ್ ಆಯಿತು ಅಂದಾಗ ಕೊಂಚ ನಗು ಬರುತ್ತದೆ. ಬರಲಿ ಬಿಡಿ, ನೆನಪಿಗೆ ಒಳ್ಳೆಯದು.

‘ಅಪ್’ಗೆ ಮುಗಿಸುವ ಕೆಲಸದ ಜೊತೆ ಇನ್ನೂ ಎರಡು ಮುಖ್ಯ ಕೆಲಸ ಇವೆ. ಒಂದು ಹೆಚ್ಚಾಗುವುದು: ‘ಸ್ಪೀಡ್ ಅಪ್’, “ಟರ್ನ್ ಅಪ್ ದ ವಾಲ್ಯೂಮ್.” ಇನ್ನೊಂದು ಎದುರಿಗೆ ಬಂದು ಕಾಣಿಸಿಕೊಳ್ಳುವುದು: “ಓನ್ಲಿ ಟೆನ್ ಪೀಪಲ್ ಟರ್ನ್ಡ್ ಅಪ್” ಅಂದರೆ ಹತ್ತೇ ಜನ ಬಂದರು. “ಸಮ್‌ಥಿಂಗ್ ಹ್ಯಾಸ್ ಕಮ್ ಅಪ್” ಅಂದರೆ ಏನೋ ಅಡಚಣೆ ಎದುರಾಗಿದೆ. ಮೀಟಿಂಗ್ ತಪ್ಪಿಸಿಕೊಳ್ಳಲು ಇದಕ್ಕಿಂತ ಸಭ್ಯವಾದ ಮಾತು ಇಂಗ್ಲಿಷಿನಲ್ಲಿ ಇಲ್ಲ ಅಂತ ನನ್ನ ಅಭಿಪ್ರಾಯ. ಏನು ಅಡಚಣೆ ಅಂತ ಯಾರೂ ಕೇಳುವುದಿಲ್ಲ. ‘ಆನ್’ಗೆ ಮುಂದುವರಿಸುವ ಅರ್ಥ ಇದೆ: ‘ಕ್ಯಾರಿ ಆನ್’, ‘ಗೋ ಆನ್’, ‘ಕೀಪ್ ಆನ್’. ಉಳಿದವನ್ನು ನೀವೇ ಹೀಗೆ ಗುಂಪು ಮಾಡಿ ನೋಡಬಹುದು. ಎಲ್ಲವೂ ಗುಂಪಿಗೆ ಬರುತ್ತವೆ ಅಂತ ಮಾತ್ರ ತಿಳಿಯಬೇಡಿ. ‘ಪುಟ್ ಅಪ್ ವಿತ್’, ಅಂದರೆ ಸಹಿಸಿಕೊಳ್ಳುವುದು, ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅಂಥವನ್ನು ಇಡಿಯಾಗಿ ನುಂಗಬೇಕು ಅಷ್ಟೇ.

ಇನ್ನು ‘ಇಟ್’ ಎಲ್ಲಿ ಅನ್ನುವ ಪ್ರಶ್ನೆ. “ಟರ್ನ್ ಆಫ್ ದ ಲೈಟ್” ಸರಿ, “ಟರ್ನ್ ದ ಲೈಟ್ ಆಫ್” ಕೂಡ ಸರಿ. ಆದರೆ ಲೈಟ್ ಬದಲು ‘ಇಟ್’ ಬಂದರೆ ಒಂದೇ ದಾರಿ: “ಟರ್ನ್ ಇಟ್ ಆಫ್.” “ಟರ್ನ್ ಆಫ್ ಇಟ್” ತಪ್ಪು. ಇಟ್, ದೆಮ್, ಹಿಮ್, ಹರ್, ಮಿ, ಅಸ್, ಯು, ಎಲ್ಲಕ್ಕೂ ಇದೇ ನಿಯಮ. ನಮ್ಮವರು ಅತಿ ಹೆಚ್ಚು ತಪ್ಪುವುದು “ಐ ವಿಲ್ ಪಿಕಪ್ ಯು” ಎನ್ನುವಲ್ಲಿ. “ಐ ವಿಲ್ ಪಿಕ್ ಯು ಅಪ್” ಆಗಬೇಕು. ಕನ್ನಡದಲ್ಲಿ ‘ಪಿಕಪ್ ಮಾಡ್ತೀನಿ’ ಅಂದು ಅಂದು ಅದು ಒಂದೇ ಗಟ್ಟಿ ಪದ ಆಗಿಬಿಟ್ಟಿದೆ. ಒಡೆಯಲು ಮನಸ್ಸು ಬರುವುದಿಲ್ಲ. ಇದರಿಂದಲೇ “ಹಿ ಪಿಕಪ್ಡ್ ಮಿ” ಅನ್ನುವವರೂ ಇದ್ದಾರೆ. ಕಾಲ ತೋರಿಸುವ ಪ್ರತ್ಯಯ ಯಾವಾಗಲೂ ಕ್ರಿಯಾಪದಕ್ಕೇ ಅಂಟುತ್ತದೆ: “ಹಿ ಪಿಕ್ಡ್ ಮಿ ಅಪ್.” ಲಾಗಿನ್, ಬ್ಯಾಕಪ್, ಸೆಟಪ್‌ಗೂ ಇದೇ ಮಾತು. ಒಂದೇ ಪದವಾಗಿ ಬರೆದರೆ ಅದು ನಾಮಪದ. ಕೆಲಸ ಹೇಳುವಾಗ ಬಿಡಿಸಿ ಬರೆಯಬೇಕು: “ಐ ಲಾಗ್ಡ್ ಇನ್,” “ವಿ ಬ್ಯಾಕ್ಡ್ ಇಟ್ ಅಪ್.”

ನಿಯಮ ಹೇಳಿದರೆ ಸಾಲದು, ಕಾರಣವೂ ಗೊತ್ತಿದ್ದರೆ ಒಳ್ಳೆಯದು. ಇಂಗ್ಲಿಷ್ ವಾಕ್ಯದಲ್ಲಿ ಹೊಸ ಸುದ್ದಿ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಒತ್ತೂ ಅಲ್ಲೇ ಬೀಳುತ್ತದೆ. ‘ಇಟ್’ ಅಂದಾಗ ಯಾವುದರ ಬಗ್ಗೆ ಮಾತು ಅಂತ ಇಬ್ಬರಿಗೂ ಆಗಲೇ ಗೊತ್ತು. ಅದರಲ್ಲಿ ಹೊಸದೇನೂ ಇಲ್ಲ. ಹಾಗಾಗಿ ಅದು ನಡುವೆ ಸರಿದುಕೊಳ್ಳುತ್ತದೆ, ಕೊನೆಯ ಜಾಗ ‘ಆಫ್’ಗೆ ಸಿಗುತ್ತದೆ. ಲೈಟಿನ ವಿವರ ಉದ್ದ ಆದಾಗ ಇದರ ಉಲ್ಟಾ ಆಗುತ್ತದೆ: “ಟರ್ನ್ ಆಫ್ ದ ಲೈಟ್ ಇನ್ ದ ಬ್ಯಾಕ್ ರೂಮ್.” ಇಲ್ಲಿ ‘ಆಫ್’ ಅನ್ನು ಕೊನೆಗೆ ದೂಡಿದರೆ ಕೇಳುವವರು ಅಲ್ಲಿಯವರೆಗೆ ಕಾಯಬೇಕು.

ಆದರೆ ಎಲ್ಲ ಪುಟ್ಟ ಪದಗಳೂ ಹೀಗೆ ಜಾಗ ಬಿಡುವುದಿಲ್ಲ. “ಲುಕ್ ಆಫ್ಟರ್ ಹರ್” ಅಂದರೆ ಅವಳನ್ನು ನೋಡಿಕೊ. “ಲುಕ್ ಹರ್ ಆಫ್ಟರ್” ಅನ್ನಲು ಆಗುವುದಿಲ್ಲ. ‘ಲುಕ್ ಫಾರ್’, ‘ಲುಕ್ ಇಂಟು’, ‘ಡೀಲ್ ವಿತ್’ ಇವೂ ಹಾಗೆಯೇ ಜೋಡಿ ಬಿಡದವು. ಅಟ್, ಫಾರ್, ಇಂಟು, ವಿತ್, ಫ್ರಮ್, ಅವ್ ಇವುಗಳ ನಂತರ ‘ಇಟ್’ ಬರುತ್ತದೆ, ಮೊದಲು ಬರುವುದಿಲ್ಲ. ಅಪ್, ಡೌನ್, ಆಫ್, ಔಟ್, ಅವೇ, ಬ್ಯಾಕ್ ಇದ್ದರೆ ಹೆಚ್ಚಿನ ಸಲ ‘ಇಟ್’ ನಡುವೆ. ಇದಕ್ಕೂ ಅಪವಾದ ಇದೆ. ಬಸ್ಸಿನಿಂದ ಇಳಿಯುವುದು ‘ಗೆಟ್ ಆಫ್ ದ ಬಸ್’, ಬಸ್ ಬದಲು ‘ಇಟ್’ ಬಂದರೂ ‘ಗೆಟ್ ಆಫ್ ಇಟ್’ ಅಂತಲೇ. ಮೂರು ಪದದ ಗುಂಪುಗಳಲ್ಲಿ, ‘ಪುಟ್ ಅಪ್ ವಿತ್ ಇಟ್’, ‘ರನ್ ಔಟ್ ಅವ್ ಇಟ್’ ಥರದವುಗಳಲ್ಲಿ, ‘ಇಟ್’ಗೆ ಕೊನೆಯ ಜಾಗವೇ.

ಕಾಲ್‌ನಲ್ಲಿ ಅರ್ಥ ಆಗದೇ ಇರುವುದಕ್ಕೆ ಇನ್ನೊಂದು ಕಾರಣ ಉಚ್ಚಾರ. “ಪುಟ್ ಇಟ್ ಆಫ್” ಅನ್ನುವುದನ್ನು ಯಾರೂ ಮೂರು ಪದವಾಗಿ ಬಿಡಿಸಿ ಹೇಳುವುದಿಲ್ಲ. ‘ಪುಟಿಟಾಫ್’ ಅಂತ ಒಂದೇ ಉಸಿರು. ಅಮೆರಿಕದವರ ಬಾಯಲ್ಲಿ ಅದು ‘ಪುಡಿಡಾಫ್’ಗೆ ಹತ್ತಿರ. ನಮ್ಮ ಬಸ್ಸುಗಳಲ್ಲಿ ‘ಹೋಲ್ಡ್ ಆನ್’ ಸೇರಿಕೊಂಡು ‘ಹೋಲ್ಡಾನ್’ ಆದ ಹಾಗೆ. ಅದೂ ಒಂದು ಫ್ರೇಸಲ್ ವರ್ಬೇ. ಕಿವಿ ಮೊದಲ ಪದ ಹಿಡಿಯಲು ಒದ್ದಾಡುವಷ್ಟರಲ್ಲಿ ವಾಕ್ಯ ಮುಗಿದಿರುತ್ತದೆ. ಆದರೆ ಒತ್ತು ಬೀಳುವುದು ಕೊನೆಯ ‘ಆಫ್’ ಮೇಲೆ. ಅದನ್ನೇ ಕಾದು ಹಿಡಿಯಿರಿ. ‘ಆಫ್’ ಕೇಳಿಸಿದರೆ ಮುಂದೂಡುವ, ಹೊರಡುವ, ರದ್ದಾಗುವ ಕಡೆಯ ಮಾತು ಅಂತ ಅರ್ಧ ದಾರಿ ಸಿಕ್ಕಿತು. ಒಂದು ಎಚ್ಚರಿಕೆ: ‘ಪುಟ್ ಆಫ್’ ಅಂದರೆ ಮುಂದಕ್ಕೆ ಹಾಕುವುದು, ‘ಕಾಲ್ ಆಫ್’ ಅಂದರೆ ರದ್ದು. ಈ ಎರಡನ್ನು ಅದಲುಬದಲು ಮಾಡಿದರೆ ಸೋಮವಾರ ಬೆಳಿಗ್ಗೆ ಮೀಟಿಂಗ್‌ನಲ್ಲಿ ನೀವೊಬ್ಬರೇ ಕೂತಿರುತ್ತೀರಿ, ಇಲ್ಲವೇ ನೀವೊಬ್ಬರೇ ಇರುವುದಿಲ್ಲ.

ನಿಮ್ಮಂಥ ಆಫೀಸುಗಳಲ್ಲಿ ದಿನಾ ಕೇಳುವ ಕೆಲವು ಇಲ್ಲೇ ಹೇಳಿಬಿಡುತ್ತೇನೆ. “ಲೆಟ್ಸ್ ಗೋ ಓವರ್ ದ ನಂಬರ್ಸ್” ಅಂದರೆ ಲೆಕ್ಕಗಳನ್ನು ಒಂದೊಂದಾಗಿ ನೋಡೋಣ. “ಶಿ ಬ್ರಾಟ್ ಅಪ್ ದ ಬಜೆಟ್” ಅಂದರೆ ಬಜೆಟ್ ಮಾತು ಎತ್ತಿದರು. ಮಗುವನ್ನು ಸಾಕಿ ಬೆಳೆಸುವುದೂ ‘ಬ್ರಿಂಗ್ ಅಪ್’ ಅಂತಲೇ, ಗಾಬರಿ ಬೇಡ. “ಲೂಪ್ ಹರ್ ಇನ್” ಅಂದರೆ ಅವರನ್ನೂ ಮೇಲ್‌ಗೆ ಸೇರಿಸಿ. “ಹಿ ಹ್ಯಾಸಂಟ್ ಸೈನ್ಡ್ ಆಫ್ ಆನ್ ಇಟ್” ಅಂದರೆ ಅವರ ಒಪ್ಪಿಗೆ ಇನ್ನೂ ಬಂದಿಲ್ಲ. “ಐ ಹ್ಯಾವ್ ಟು ಡ್ರಾಪ್ ಆಫ್” ಅಂದರೆ ನಾನು ಕಾಲ್ ಬಿಟ್ಟು ಹೋಗಬೇಕು. ಬ್ರಿಟನ್ನಿನಲ್ಲಿ ‘ಡ್ರಾಪ್ಡ್ ಆಫ್’ ಅಂದರೆ ನಿದ್ದೆ ಹತ್ತಿತು ಅಂತಲೂ ಅರ್ಥ. ಉದ್ದದ ಮೀಟಿಂಗ್‌ಗಳಲ್ಲಿ ಎರಡೂ ನಿಜ ಇರಬಹುದು.

ಕಲಿಯುವ ದಾರಿಗೆ ಬರೋಣ. ಮೊದಲನೆಯದು, ಪದ ಬರೆದುಕೊಳ್ಳಬೇಡಿ, ವಾಕ್ಯ ಬರೆದುಕೊಳ್ಳಿ. ‘ಪುಟ್ ಆಫ್ = ಮುಂದೂಡು’ ಅಂತ ಬರೆದರೆ ಅದು ಸತ್ತ ಸಾಲು. ಕಾಲ್‌ನಲ್ಲಿ ಕೇಳಿದ ವಾಕ್ಯವನ್ನೇ ಬರೆಯಿರಿ, ಅದರ ಕೆಳಗೆ ಅದೇ ವಾಕ್ಯವನ್ನು ‘ಇಟ್’ ಹಾಕಿ ಇನ್ನೊಮ್ಮೆ ಬರೆಯಿರಿ. ಬಾಯಿಬಿಟ್ಟು ಹೇಳಿ. ಕಲಿಯುವವರಿಗೆಂದೇ ಇರುವ ನಿಘಂಟುಗಳಲ್ಲಿ ವಸ್ತು ಎಲ್ಲಿ ಬರಬೇಕು ಅಂತಲೂ ತೋರಿಸಿರುತ್ತಾರೆ. ‘ಪುಟ್ ಸಮ್‌ಥಿಂಗ್ ಆಫ್’ ಅಂತ ನಡುವೆ ‘ಸಮ್‌ಥಿಂಗ್’ ಇಟ್ಟಿದ್ದರೆ ಅದು ಒಡೆಯುವ ಜೋಡಿ. ಸುಮ್ನೆ ಅರ್ಥ ನೋಡಿ ಮುಚ್ಚಬೇಡಿ, ಅದನ್ನೂ ನೋಡಿ.

ಎರಡನೆಯದು ನಾನು ಎಲ್ಲರಿಗೂ ಹೇಳುವುದು: ಇಂಗ್ಲಿಷ್ ಅಡುಗೆ ವಿಡಿಯೊ ನೋಡಿ. ತಮಾಷೆ ಅಲ್ಲ. ಅಡುಗೆ ಮಾಡುವವರು ಬಾಯಿ ತೆರೆದರೆ ಫ್ರೇಸಲ್ ವರ್ಬ್. ಈರುಳ್ಳಿ ‘ಚಾಪ್ ಅಪ್’, ಬಾಣಲೆ ‘ಹೀಟ್ ಅಪ್’, ನೀರು ‘ಪೋರ್ ಇನ್’, ಒಲೆಯಿಂದ ‘ಟೇಕ್ ಇಟ್ ಆಫ್ ದ ಹೀಟ್’, ಹಾಲು ಉಕ್ಕಿದರೆ ‘ಬಾಯಿಲ್ ಓವರ್’, ತಿರುಳು ತೆಗೆಯುವುದು ‘ಸ್ಕೂಪ್ ಔಟ್’, ಆರಲು ಬಿಡುವುದು ‘ಲೆಟ್ ಇಟ್ ಕೂಲ್ ಡೌನ್’. ಮಾತು ಮತ್ತು ಕೈ ಕೆಲಸ ಒಟ್ಟಿಗೆ ಕಾಣುತ್ತದೆ, ನಡುವೆ ಕನ್ನಡದ ಅನುವಾದ ಬೇಡ. ಒಂದು ವಿಡಿಯೊ ನೋಡಿದ ಮೇಲೆ, ನಿಮ್ಮ ಅಡುಗೆಮನೆಯಲ್ಲಿ ಸಾರು ಮಾಡುವಾಗ ಅದೇ ಮಾತುಗಳನ್ನು ಗೊಣಗಿಕೊಳ್ಳಿ. ಮನೆಯವರು ನೋಡಿದರೆ ನೋಡಲಿ.

ಮೇಲ್ ವಿಷಯ. ಶಾಲೆಯಲ್ಲಿ ನಾವು ಕಲಿತದ್ದು ಪುಸ್ತಕದ ಇಂಗ್ಲಿಷ್: ಪೋಸ್ಟ್‌ಪೋನ್, ಟಾಲರೇಟ್, ಇನ್ವೆಸ್ಟಿಗೇಟ್, ಎಕ್ಸ್‌ಟಿಂಗ್ವಿಶ್. ಇವೆಲ್ಲ ಲ್ಯಾಟಿನ್ ಮೂಲದವು. ಪುಟ್ ಆಫ್, ಪುಟ್ ಅಪ್ ವಿತ್, ಲುಕ್ ಇಂಟು, ಪುಟ್ ಔಟ್ ಇವು ಮನೆಮಾತಿನ ಕಡೆಯವು. ಕನ್ನಡದಲ್ಲಿ ‘ಸ್ಥಗಿತಗೊಳಿಸು’ ಮತ್ತು ‘ನಿಲ್ಲಿಸಿಬಿಡು’ ನಡುವೆ ಇರುವ ಅಂತರವೇ ಇದು. ಹಾಗಂತ ಫ್ರೇಸಲ್ ವರ್ಬ್ ಅಂದರೆ ಒರಟು ಅಂತಲ್ಲ. “ಕೈಂಡ್ಲಿ ಲುಕ್ ಇಂಟು ದ ಮ್ಯಾಟರ್” ಎಂದು ನಮ್ಮ ಸರ್ಕಾರಿ ಅರ್ಜಿಗಳಲ್ಲಿ ಎಷ್ಟೋ ಕಾಲದಿಂದ ಬರೆಯುತ್ತಿದ್ದೇವೆ. ಅದರಲ್ಲೇ ಒಂದು ಕೂತಿದೆ. ‘ಕ್ಯಾರಿ ಔಟ್’, ‘ಪಾಯಿಂಟ್ ಔಟ್’, ‘ಸೆಟ್ ಅಪ್’ ಇವು ಸಂಶೋಧನಾ ಲೇಖನದಲ್ಲೂ ಬರುತ್ತವೆ. ಸಹೋದ್ಯೋಗಿಗೆ ಬರೆಯುವ ಮೇಲ್‌ನಲ್ಲಿ ಧಾರಾಳವಾಗಿ ಬಳಸಿ. ಅಲ್ಲಿ ‘ಪೋಸ್ಟ್‌ಪೋನ್’, ‘ಕಮೆನ್ಸ್’ ಅಂತ ತುಂಬಿದರೆ ಕೋರ್ಟ್ ನೋಟಿಸ್ ಥರ ಕೇಳಿಸುತ್ತದೆ. ಕರಾರು ಪತ್ರ, ಶಿಸ್ತು ಕ್ರಮದ ಪತ್ರ ಇಂಥ ಕಡೆ ಮಾತ್ರ ಪುಸ್ತಕದ ಪದವೇ ಕ್ಷೇಮ, ಯಾಕೆಂದರೆ ಅದಕ್ಕೆ ಸಾಮಾನ್ಯವಾಗಿ ಒಂದೇ ಅರ್ಥ.

ಮೇಲ್ ಕೊನೆಯಲ್ಲಿ ಬರುವ “ಲುಕಿಂಗ್ ಫಾರ್ವರ್ಡ್ ಟು” ಮಾತ್ರ ಸರಿಯಾಗಿ ಬರೆಯಿರಿ. ಅದರ ನಂತರ “ಮೀಟಿಂಗ್ ಯು,” “ಹಿಯರಿಂಗ್ ಫ್ರಮ್ ಯು.” “ಟು ಮೀಟ್ ಯು” ಅಲ್ಲ. ಇಲ್ಲಿನ ‘ಟು’ ಕ್ರಿಯಾಪದಕ್ಕೆ ಮೊದಲು ಬರುವ ‘ಟು’ ಅಲ್ಲ, ಫ್ರೇಸಲ್ ವರ್ಬಿನದೇ ಪುಟ್ಟ ಪದ.

ಇನ್ನು ನಮ್ಮಲ್ಲಿ ಮಾತ್ರ ನಡೆಯುವ ಕೆಲವು ಬಳಕೆಗಳಿವೆ. “ಐ ಪಾಸ್ಡ್ ಔಟ್ ಇನ್ 2019” ಅಂದರೆ ನಮಗೆ ಡಿಗ್ರಿ ಮುಗಿಯಿತು. ಲಂಡನ್‌ನವರಿಗೆ ನೀವು ಆ ವರ್ಷ ಪ್ರಜ್ಞೆ ತಪ್ಪಿ ಬಿದ್ದಿರಿ. ಬ್ರಿಟನ್ನಿನಲ್ಲೂ ಸೇನಾ ತರಬೇತಿ ಮುಗಿಸಿದವರ ಪಾಸಿಂಗ್ ಔಟ್ ಪರೇಡ್ ಇದೆ, ಆದರೆ ಕಾಲೇಜಿಗೆ ಆ ಮಾತು ಬಳಸುವುದಿಲ್ಲ. ‘ಗ್ರ್ಯಾಜುಯೇಟೆಡ್’ ಅನ್ನಿ. ‘ಕೋಪ್ ಅಪ್ ವಿತ್’ನಲ್ಲಿ ‘ಅಪ್’ ಬೇಡ, ‘ಕೋಪ್ ವಿತ್’ ಸಾಕು. ‘ಕೀಪ್ ಅಪ್ ವಿತ್’, ‘ಪುಟ್ ಅಪ್ ವಿತ್’ ಕೇಳಿ ಕೇಳಿ ಅದು ಸೇರಿಕೊಂಡಿರಬೇಕು. ಫಾರ್ಮ್ ತುಂಬುವುದು ಬ್ರಿಟನ್ನಿನಲ್ಲಿ ಹೆಚ್ಚಾಗಿ ‘ಫಿಲ್ ಇನ್’, ಅಮೆರಿಕದಲ್ಲಿ ‘ಫಿಲ್ ಔಟ್’, ನಮ್ಮಲ್ಲಿ ‘ಫಿಲ್ ಅಪ್’. ಅರ್ಥ ಎಲ್ಲರಿಗೂ ಆಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. “ವೇರ್ ಆರ್ ಯು ಪುಟ್ ಅಪ್?” ಎಂದು ಬೆಂಗಳೂರಿನಲ್ಲಿ ಕೇಳಿದರೆ ಜಯನಗರ, ವಿಜಯನಗರ ಅಂತ ಉತ್ತರ ಬರುತ್ತದೆ. ಲಂಡನ್ ಕಾಲ್‌ನಲ್ಲಿ ಮಾತ್ರ “ವೇರ್ ಆರ್ ಯು ಸ್ಟೇಯಿಂಗ್?” ಅನ್ನಿ. ಅಲ್ಲಿ ‘ಪುಟ್ ಸಮ್‌ವನ್ ಅಪ್’ ಅಂದರೆ ಯಾರಿಗಾದರೂ ಒಂದೆರಡು ರಾತ್ರಿ ತಮ್ಮ ಮನೆಯಲ್ಲಿ ಇರಲು ಜಾಗ ಕೊಡುವುದು.